ನಾನು ಆಡಬಾರದಿದ್ದ ಹೊಗಳಿಕೆ

ಕೊರೊನಾ ಕಳೆದು ಮುಂಬಯಿಯ ಲೋಕಲ್ ರೈಲುಗಳು ಮತ್ತೆ ತುಂಬತೊಡಗಿದ್ದ ವರ್ಷ. ಸಾಂತಾಕ್ರೂಜ್‌ನ ಕ್ಲಿನಿಕ್ಕೊಂದರಲ್ಲಿ ನಾನು ಕೌನ್ಸೆಲಿಂಗ್ ಸೈಕಾಲಜಿಸ್ಟ್. ಇಪ್ಪತ್ತು ವರ್ಷದ ಅನುಭವ, ಅದರ ಜಂಬವೂ ಸ್ವಲ್ಪ ಇತ್ತೆನ್ನಿ.

ಆಗ ಬಂದವಳು ಸವಿತಾ. ಹೆಸರು ಬದಲಿಸಿದ್ದೇನೆ. ಇಪ್ಪತ್ತೊಂಬತ್ತು ವರ್ಷ, ಮನೆ ದಹಿಸರ್, ಕೆಲಸ ಫೋರ್ಟ್‌ನ ಬ್ಯಾಂಕಿನಲ್ಲಿ, ಮೂಲ ವಿಜಯಪುರದ ಕಡೆ. "ಹಿಂಗ ಊದಿದ್ರ ಯಾರ ಮಾಡ್ಕೋತಾರ?" ಎನ್ನುತ್ತ ತಾಯಿ ಊಟಕ್ಕೆ ಒಂದೇ ರೊಟ್ಟಿ ಬಡಿಸುತ್ತಿದ್ದರು. ಈಕೆ ಮನೆಗೆ ಹೋಗುವ ಮೊದಲೇ ಸ್ಟೇಷನ್ನಿನ ತುದಿಯಲ್ಲಿ ನಿಂತು ಎರಡು ಪ್ಯಾಕೆಟ್ ಫರ್ಸಾಣ್, ಅಂದರೆ ಖಾರದ ಕುರುಕಲು, ಮುಗಿಸುತ್ತಿದ್ದಳು. ರುಚಿಯೂ ಗೊತ್ತಾಗುತ್ತಿರಲಿಲ್ಲವಂತೆ. ಹಸಿವಿಲ್ಲದಿದ್ದರೂ ಮನಸ್ಸು ನೊಂದಾಗ ಹೀಗೆ ತಿನ್ನುವುದಕ್ಕೆ ನಾವು ಎಮೋಷನಲ್ ಈಟಿಂಗ್ ಎನ್ನುತ್ತೇವೆ.

"ಕನ್ನಡಿ ಮುಂದ ನಿಂದ್ರಾಕ ಹೇಸಿಕಿ ಬರ್ತದರೀ," ಎಂದಿದ್ದಳು.

ತಿನ್ನುವ ಮೊದಲು ಏನಾಯಿತು, ಯಾರು ಏನಂದರು ಎಂದು ಬರೆಯಲು ಹೇಳಿದೆ. ಐದು ವಾರ ತಪ್ಪದೆ ಬರೆದಳು. ದಿನಾ ತಿನ್ನುತ್ತಿದ್ದ ಫರ್ಸಾಣ್ ವಾರಕ್ಕೆರಡು ಸಲಕ್ಕೆ ಇಳಿಯಿತು.

ಆರನೆಯ ವಾರ ಬಾಗಿಲಲ್ಲೇ ಕಂಡವಳಿಗೆ, ನಮ್ಮ ಮೈಸೂರು ಕಡೆ ಮದುವೆಮನೆಯಲ್ಲಿ ಎದುರಾದವರಿಗೆಲ್ಲ ಅನ್ನುವ ಹಾಗೆ, "ಏನಮ್ಮಾ, ಇಳಿದುಬಿಟ್ಟಿದ್ದೀಯ! ಎಷ್ಟು ಚೆನ್ನಾಗಿ ಕಾಣ್ತೀಯ!" ಎಂದುಬಿಟ್ಟೆ. ಅವಳು ನಕ್ಕಳು. ಆಮೇಲೆ ಮೂರು ವಾರ ಪತ್ತೆಯಿಲ್ಲ. ವಾಸಿಯಾಗಿರಬೇಕು ಅಂದುಕೊಂಡೆ, ಪೆದ್ದಿ ನಾನು!

ಕೊನೆಗೆ ಮೆಸೇಜು ಮಾಡಿ ಕರೆಸಿದೆ. ಆಗ ಗೊತ್ತಾಯಿತು: ತಾಯಿಯ ಜತೆ ಜಗಳವಾಡಿ ಆ ಆರನೆಯ ವಾರ ಅವಳು ಮಧ್ಯಾಹ್ನದ ಊಟವನ್ನೇ ಬಿಟ್ಟಿದ್ದಳು. ನಾನು ಹೊಗಳಿದ್ದು ಆ ಉಪವಾಸವನ್ನು. ಅದನ್ನು ಕೇಳಿ ಇನ್ನೂ ನಾಲ್ಕು ದಿನ ಹಸಿದಿದ್ದು, ಐದನೆಯ ದಿನ ಸ್ಟೇಷನ್ನಿನಲ್ಲಿ ವಾಂತಿಯಾಗುವವರೆಗೆ ತಿಂದಿದ್ದಳು.

"ನೀವೂ ನನ್ನ ಮೈಯೊಂದ ನೋಡಿದ್ರಲ್ರೀ ಮೇಡಂ."

ಕೆನ್ನೆಗೆ ಬಾರಿಸಿದಂತಾಯಿತು. ಸಮಜಾಯಿಷಿ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. "ತಪ್ಪು ನನ್ನದು ಸವಿತಾ. ಕ್ಷಮಿಸು," ಎಂದೆ.

ಅವಳು ಜೋರಾಗಿ ಅತ್ತಳು. "ಎಷ್ಟ್ ಮಂದಿ ಅಂದಾರರೀ ಇಷ್ಟ್ ವರ್ಷ! ತಪ್ಪಾತು ಅಂದವ್ರು ನೀವೊಬ್ರ."

ಆ ವಾರವೇ ಮನೆಯಲ್ಲೂ ಬಾಯಿಬಿಟ್ಟಳು: "ಅವ್ವಾ, ನನ್ನ ಮೈ ಸುದ್ದಿ ತೆಗೀಬ್ಯಾಡ. ನೋವಾಗ್ತದ." ತಾಯಿ ರೇಗಲಿಲ್ಲವಂತೆ. "ನನಗೂ ನಿಮ್ಮಜ್ಜಿ ಹಿಂಗ ಅಂತಿದ್ಲು. ನಾ ಎಂದೂ ತಿರುಗಿ ಹೇಳಲಿಲ್ಲವ್ವ," ಎಂದರಂತೆ.

ಚಿಕಿತ್ಸೆ ಮತ್ತೆ ಏಳು ತಿಂಗಳು ನಡೆಯಿತು, ನಡುವೆ ಒಂದೆರಡು ಸಲ ಜಾರಿದಳು ಕೂಡ. ಆದರೆ ನೋಯಿಸಿದವಳ ಮುಖಕ್ಕೇ ಹೇಳಬಹುದು, ಹೇಳಿದರೆ ಎದುರಿನವರು ಒಪ್ಪಿಕೊಳ್ಳಲೂಬಹುದು ಎಂದು ಅವಳಿಗೆ ಗೊತ್ತಾದದ್ದು ಅಂದು, ನನ್ನೆದುರು. ನನ್ನ ಇಪ್ಪತ್ತು ವರ್ಷದ ಜಾಣತನಕ್ಕಿಂತ ಅವಳಿಗೆ ಹೆಚ್ಚು ಕೆಲಸಕ್ಕೆ ಬಂದದ್ದು ನನ್ನ ಒಂದು ತಪ್ಪೊಪ್ಪಿಗೆ.