ಕಾಡಿನಲ್ಲಿ ಕೂಗಿದ ಹೆಸರು

ಹುಚ್ಚೆಳ್ಳು ಹುರಿಯುವ ವಾಸನೆ ಎದ್ದರೆ ಸಾಕು, ಗುಂಡ್ಲುಪೇಟೆ ಸೀಮೆಯ ನಮ್ಮ ಹಳೇ ಮನೆಯ ಒಲೆ ಮುಂದೆ ಹೋಗಿ ಕೂತುಬಿಡುತ್ತೇನೆ. ನಿಮಗೂ ಇಂಥದೊಂದು ವಾಸನೆ ಇದ್ದೀತು. ಆ ಮನೆ ಈಗಿಲ್ಲ, ಒಲೆಯೂ ಇಲ್ಲ. ತೊಂಬತ್ತರ ದಶಕದ ಮೊದಲ ವರ್ಷಗಳು. ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ಒಂದು ದಿನ ಅವ್ವ ರಾಗಿ ರೊಟ್ಟಿಗೆ ಹುಚ್ಚೆಳ್ಳು ಚಟ್ನಿ ಸವರಿ, ಮುತ್ತುಗದ ಎಲೆಯಲ್ಲಿ ಕಟ್ಟಿಕೊಡುತ್ತಿದ್ದಳು. ಅಜ್ಜಿ, ನನ್ನ ಅಕ್ಕ ರತ್ನ, ನಾನು, ಮೂವರೂ ಬೆಟ್ಟದ ಬುಡದ ಕಾಡಿನಲ್ಲಿ ನೀರು ಬೀಳುವುದನ್ನು ನೋಡಲು ಹೊರಡುತ್ತಿದ್ದೆವು. ದೂರವೇನಲ್ಲ, ದನ ಹೋಗುವ ಹಾದಿಯಲ್ಲಿ ಅರ್ಧ ಗಂಟೆ. ನೀರು ಬೀಳುತ್ತಿದ್ದುದೂ ಎರಡಾಳು ಎತ್ತರದಿಂದ, ಅಷ್ಟೆ.

"ಕಾಡ್ನಲ್ಲಿ ಎಸ್ರು ಇಡ್ದು ಕೂಗ್ಬಾರ್ದು ಕಣಮ್ಮಿ. ಕಾಡು ಕಲ್ತ್ಕೊಬುಡ್ತದೆ, ಆಮೇಕೆ ಅದೇ ಕರೀತದೆ" ಎನ್ನುತ್ತಿದ್ದಳು ಅಜ್ಜಿ. ಅದಕ್ಕೇ ಕಾಡಂಚು ದಾಟಿದೊಡನೆ ಅವರವರ ಕೈಯಲ್ಲಿದ್ದುದೇ ಅವರವರ ಹೆಸರು. ಅಜ್ಜಿ ಕೋಲು, ಅಕ್ಕ ತಂಬಿಗೆ, ನಾನು ರೊಟ್ಟಿ. ನಾನು ಹಿಂದೆ ಬಿದ್ದರೆ ಅಕ್ಕ, "ಏ ಕೋಲು, ರೊಟ್ಟಿ ಕಾಲೆಳ್ಕಂಡು ಬತ್ತದೆ. ಇಲ್ಲೇ ತಿಂದ್ಬುಟ್ಟು ಓಗನಾ?" ಎನ್ನುವಳು. "ಈ ತಂಬ್ಗೆಗೆ ಬಾಯೇ ಅಗಲ" ಎಂದು ಅಜ್ಜಿ ಗದರುವಳು. ನನಗೆ ಒಂಬತ್ತಾದ ವರ್ಷ ನೀರಿನ ಹತ್ತಿರ ತಿರುಗಿ ನೋಡಿದೆ. ತಂಬಿಗೆ ಬಂಡೆಯ ಮೇಲಿತ್ತು, ಅಕ್ಕ ಇರಲಿಲ್ಲ. "ರತ್ನಕ್ಕಾ!" ಎಂದು ಕಿರುಚಿದೆ. ಎದುರಿನ ಬಂಡೆ ಅದನ್ನು ಮತ್ತೆ ಹೇಳಿತು. ಅಡಗಿಕೊಂಡಿದ್ದವಳು ತೊಟ್ಟಿಕ್ಕುವ ಜಡೆ ಹಿಂಡುತ್ತಾ, ನಗುತ್ತಾ ಬಂದಳು. ಅಜ್ಜಿ ನಗಲಿಲ್ಲ. ಮನೆ ಸೇರುವವರೆಗೂ ಅಕ್ಕನ ಸೆರಗು ಬಿಡಲಿಲ್ಲ.

ಸಂಕ್ರಾಂತಿಗೆ ಮೊದಲೇ ಅಕ್ಕನಿಗೆ ಕಾಮಾಲೆ ಬಂತು. ನಾಟಿ ಔಷಧಿ, ಆಸ್ಪತ್ರೆ, ಯಾವುದೂ ಫಲಿಸಲಿಲ್ಲ. ಹೋಗಿಬಿಟ್ಟಳು. ನಾನು ಅನ್ನ ಬಿಟ್ಟೆ, ಮಾತು ಬಿಟ್ಟೆ. ಒಂದು ಸಂಜೆ ನನ್ನ ತಲೆ ಬಾಚುತ್ತಿದ್ದ ಅಜ್ಜಿಯ ಮಡಿಲಲ್ಲಿ ಮುಖವಿಟ್ಟು, "ನಾನೇ ಕೂಗ್ಬುಟ್ಟೆ ಅಜ್ಜಿ, ಅದ್ಕೇ ಕಾಡು ಕರ್ಕೊಬುಡ್ತು" ಎಂದೆ. ಬಾಚಣಿಗೆ ನಿಂತಿತು. ಮರುದಿನ ಬೆಳಿಗ್ಗೆ ನನ್ನ ಕೈ ಹಿಡಿದು ಅದೇ ಹಾದಿಯಲ್ಲಿ ನಡೆದಳು. ನೀರು ನೂಲಿನಷ್ಟಾಗಿತ್ತು. ಅಜ್ಜಿ ಬಂಡೆಗೆ ಮುಖ ಮಾಡಿ ನಿಂತು, ಗಂಟಲು ಹರಿಯುವಂತೆ ತನ್ನದೇ ಹೆಸರು ಕೂಗಿದಳು. "ಸಿದ್ದಮ್ಮಾ! ಲೇ ಸಿದ್ದಮ್ಮಾ!" ಬಂಡೆ ಕೂಗು ಮರಳಿಸಿತು. "ನೋಡ್ದಾ? ಏನಾಯ್ತು ನಂಗೆ? ಮಕ್ಳು ದಾರಿ ತಪ್ಪದೆ ಇರ್ಲಿ ಅಂತ ನಾ ಕಟ್ಟಿದ್ ಕತೆ ಅದು. ನಡಿ, ಉಣ್ಣೋಗು" ಎಂದಳು. ಮನೆ ಸೇರುವವರೆಗೂ ಅವಳು ನನ್ನ ಕೈ ಬಿಡಲಿಲ್ಲ.

ಅಂದು ನಾನು ಉಂಡೆ. ಆಮೇಲೆ ಅಜ್ಜಿ ಹನ್ನೆರಡು ವರ್ಷ ಬದುಕಿದಳು. ಅಷ್ಟೂ ವರ್ಷ ನನ್ನೆದುರು ಒಂದು ದಿನವೂ ಕಾಯಿಲೆ ಬೀಳಲಿಲ್ಲ. ಕೆಮ್ಮು ಬಂದರೆ ಹಿತ್ತಲಿಗೆ ಎದ್ದು ಹೋಗುತ್ತಿದ್ದಳು. ಮೈ ಮುಟ್ಟಿದರೆ ಕೆಂಡ. "ಬಿಸ್ಲಲ್ಲಿ ಕುಂತಿದ್ದೆ ಕಣಮ್ಮಿ" ಎನ್ನುತ್ತಿದ್ದಳು, ಹೊರಗೆ ಸೋನೆ ಮಳೆ ಹಿಡಿದಿದ್ದರೂ.