ಬೆನ್ನ ಕೆಳಗಿನ ಕೈ

ನಮ್ಮಕ್ಕನನ್ನು ಈಜುಕೊಳದಲ್ಲಿ ಎಲ್ಲರೂ ಮೀನಕ್ಕ ಎಂದೇ ಕರೆಯುತ್ತಾರೆ. ಹೆಂಗಸರಿಗೆ ಈಜು ಕಲಿಸುವುದು ಅವಳ ಕೆಲಸ. ನಾನು ಅದೇ ಕೊಳದ ಬಾಗಿಲಲ್ಲಿ ಟಿಕೆಟ್ ಹರಿದು ಟವೆಲ್ ಕೊಡುವವಳು. ಇಷ್ಟು ವರ್ಷ ನೀರಿನ ಪಕ್ಕದಲ್ಲೇ ಕೂತು ಪಾದವನ್ನೂ ನೆನೆಸದವಳು ಎಂದು ಅವಳು ನನ್ನನ್ನು ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ. ನನಗೆ ನೀರೆಂದರೆ ಭಯ, ಅದರಲ್ಲಿ ಮುಚ್ಚುಮರೆ ಏನಿಲ್ಲ.

ಮಧ್ಯಾಹ್ನ ಗಾಜಿನ ಮಾಡಿನಿಂದ ಬಿಸಿಲು ಇಳಿದು, ನೀರಿನ ಬೆಳಕು ಗೋಡೆಯ ಮೇಲೆಲ್ಲ ತೂಗಾಡುವ ಹೊತ್ತಿನಲ್ಲಿ ಅವಳು ಹೊಸಬರಿಗೆ ತೇಲುವುದನ್ನು ಕಲಿಸುತ್ತಾಳೆ. ಅಂಗಾತ ಮಲಗಿಸಿ ಬೆನ್ನ ಕೆಳಗೆ ಅಂಗೈ ಇಡುತ್ತಾಳೆ. ಏನಡಿಗೆ, ಅತ್ತೆ ಹೇಗೆ ಎಂದು ಮಾತಿಗೆಳೆಯುತ್ತಾಳೆ. ಮಾತಿನ ನಡುವೆ ಯಾವಾಗಲೋ ಕೈ ಸರಿದಿರುತ್ತದೆ. ಆ ಹೆಂಗಸು ತೇಲುತ್ತಲೇ ಅತ್ತೆಯನ್ನು ಬೈಯುತ್ತಿರುತ್ತಾಳೆ.

"ಕೈ ತೆಗ್ದಿದ್ದು ಹೇಳ್ಬಾರ್ದು ಕಣೇ. ಹೇಳಿದ್ರೆ ಮುಳುಗ್ತಾರೆ" ಎನ್ನುವುದು ಅಕ್ಕನ ಮಾತು.

ಅವಳಿಗೆ ನಲವತ್ತಾಗುವುದರೊಳಗೇ ಮುಟ್ಟು ನಿಂತಿತು. ಪೀಡೆ ತೊಲಗಿತು, ಇನ್ನು ತಿಂಗಳು ತಿಂಗಳು ರಜೆ ಹಾಕುವ ಗೋಳಿಲ್ಲ ಎಂದು ಹಿಗ್ಗಿದಳು. ಬೇರೆಯವರಿಗೆ ಆಗ ಮೈಯೆಲ್ಲ ಬೆಂಕಿ ಹತ್ತಿದಂತಾಗುತ್ತದಂತೆ. ದಿನವಿಡೀ ತಣ್ಣನೆಯ ನೀರಿನಲ್ಲಿರುವವಳಿಗೆ ಅದು ಗೊತ್ತೇ ಆಗಲಿಲ್ಲ. ಸಂಜೆ ಬಸ್ಸಿನಲ್ಲಿ ಬೆವೆತರೆ ಬಸ್ಸನ್ನು ಬೈದಳು. ನಮ್ಮಮ್ಮನಿಗೂ ಹೀಗೇ ಬೇಗ ನಿಂತಿತ್ತು. ಐವತ್ತು ತುಂಬುವ ಮೊದಲೇ ಅಮ್ಮ, ಒಗೆದ ಬಟ್ಟೆ ಹರವುತ್ತಾ ಎದೆ ಹಿಡಿದುಕೊಂಡು ಕುಸಿದವಳು ಮತ್ತೆ ಏಳಲಿಲ್ಲ. ಎರಡನ್ನೂ ಸೇರಿಸಿ ನೋಡುವ ಬುದ್ಧಿ ನಮ್ಮಿಬ್ಬರಿಗೂ ಇರಲಿಲ್ಲ.

ಈಚೆಗೆ ಒಂದು ದಿನ ಪಾಠ ಮುಗಿಸಿ ಮೆಟ್ಟಿಲು ಹತ್ತುವಾಗ ಅಕ್ಕನ ಎದೆ ಡವಗುಟ್ಟಿತು. ಕಂಬಿ ಹಿಡಿದು ನಿಂತುಬಿಟ್ಟಳು. ನನಗೆ ಜೀವವೇ ಬಾಯಿಗೆ ಬಂತು. ಬೇಡವೆಂದರೂ ಕೇಳದೆ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದೆ.

"ಹೃದಯ ಸದ್ಯಕ್ಕೆ ಚೆನ್ನಾಗಿದೆ" ಎಂದರು ಅವರು. "ಆದ್ರೆ ಬಿಪಿ, ಕೊಲೆಸ್ಟ್ರಾಲ್ ಎರಡೂ ಏರಿವೆ. ಈಸ್ಟ್ರೋಜನ್ ಅನ್ನೋ ಹಾರ್ಮೋನು ಇರೋವರೆಗೂ ರಕ್ತನಾಳಗಳು ಮೆತ್ತಗಿರೋಕೆ ಸಹಾಯ ಮಾಡುತ್ತೆ. ಮುಟ್ಟು ನಿಲ್ಲೋದ್ರ ಜೊತೆಗೇ ನಿಮ್ಮಲ್ಲಿ ಅದೂ ಬೇಗ ಇಳಿದುಹೋಗಿದೆ. ನಿಮ್ಮಂಥವ್ರಿಗೆ ಹೊರಗಿಂದ ಕೊಟ್ರೆ ಹೃದಯಕ್ಕೆ ರಕ್ಷಣೆ ಸಿಗಬಹುದು. ಸಿಕ್ಕೇ ಸಿಗುತ್ತೆ ಅನ್ನಲ್ಲ. ಎಲ್ರಿಗೂ ಒಗ್ಗೋದೂ ಇಲ್ಲ, ಪರೀಕ್ಷೆ ಮಾಡಿ ನೋಡೋಣ."

ಅಕ್ಕ ನನ್ನ ಕಡೆ ತಿರುಗಿದಳು.

"ಅಂದ್ರೆ ಇಷ್ಟು ವರ್ಷ ಯಾರೋ ಬೆನ್ನ ಕೆಳಗೆ ಕೈ ಇಟ್ಟಿದ್ರು" ಎಂದಳು. "ತೆಗ್ದಿದ್ದು ಗೊತ್ತೇ ಆಗ್ಲಿಲ್ಲ."

ಗೊತ್ತಾಯಿತು, ಅಲ್ಲಿಗೆ ಅವಳ ಧೈರ್ಯ ಮುಳುಗಿತು. ಪರೀಕ್ಷೆಗಳು ಸರಿಬಂದವು. ಹೊಟ್ಟೆಗೆ ಅಂಟಿಸಿಕೊಳ್ಳುವ, ಹಾರ್ಮೋನಿರುವ ತೆಳ್ಳನೆಯ ಪಟ್ಟಿ, ಜೊತೆಗೊಂದು ಮಾತ್ರೆ ಶುರುವಾಯಿತು. ಧಾರಾಳವಾಗಿ ನೀರಿಗಿಳಿಯಿರಿ, ಈಜು ಹೃದಯಕ್ಕೆ ಒಳ್ಳೆಯದೇ ಎಂದೂ ಡಾಕ್ಟರಮ್ಮ ಹೇಳಿದರು. ಅಕ್ಕ ಮಾತ್ರ ಇಳಿಯಲಿಲ್ಲ. ದಡದಲ್ಲಿ ನಿಂತೇ ಪಾಠ ಹೇಳಿದಳು. ಮಿಕ್ಕ ಹೊತ್ತು ನನ್ನ ಪಕ್ಕ ಕೂತು ಟವೆಲ್ ಮಡಿಸಿದಳು, ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದಳು.

"ಕೊಳದ ಮಧ್ಯದಲ್ಲಿ ಅಮ್ಮನ ಹಾಗೆ ಆಗ್ಬಿಟ್ರೆ?" ಎಂದಳು ಒಂದು ದಿನ.

ಮೀನಿಗೆ ಈಜು ಕಲಿಸಬೇಕೇ ಎಂದು ಕೇಳುವವರು ಅವಳ ಆ ಮುಖ ನೋಡಬೇಕಿತ್ತು. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಅಂದು ಎಲ್ಲರೂ ಹೋದ ಮೇಲೆ ಯಾರೋ ಮರೆತುಹೋದ ಈಜುಡುಗೆ ತೊಟ್ಟು, ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಸೊಂಟದ ಮಟ್ಟದ ನೀರಿಗೆ ಇಳಿದೆ. ಇಳಿದ ಮೇಲೂ ಕಂಬಿ ಬಿಡಲಿಲ್ಲ. ಅಕ್ಕ ಬಿದ್ದು ಬಿದ್ದು ನಕ್ಕಳು.

"ನಗೋದು ಸಾಕು. ಬಾ, ಮಲಗು" ಎಂದೆ.

ಬಂದಳು. ನನ್ನ ಅಂಗೈ ಮೇಲೆ ಮೆಲ್ಲಗೆ ಬೆನ್ನು ಚಾಚಿದಳು. ಸದ್ದೆಲ್ಲ ಅಡಗಿತು. ನೀರಿನ ಬೆಳಕು ಮಾಡಿನಲ್ಲಿ ಅಲೆಯಾಡಿ ಅವಳ ಮುಖದ ಮೇಲೂ ಹರಿಯಿತು. ಮೇಲಿರುವುದು ನೀರೋ ಕೆಳಗಿರುವುದು ನೀರೋ ತಿಳಿಯದಂತಾಯಿತು. ನಾನು ನೀರಿನಲ್ಲಿದ್ದೇನೆ ಎಂಬುದನ್ನೇ ಮರೆತೆ. ಅಕ್ಕ ಕಣ್ಣು ಮುಚ್ಚಿದಳು.

"ಸಾಕು, ಕೈ ತೆಗಿ" ಎಂದಳು ಎಷ್ಟೋ ಹೊತ್ತಿನ ಮೇಲೆ. "ಹಿಡ್ಕೊಂಡೇ ಇದ್ರೆ ಯಾರೂ ತೇಲಲ್ಲ."

"ಆಗ್ಲೇ ತೆಗ್ದೆ, ಅಕ್ಕ" ಎಂದೆ.

ಅವಳು ಮುಗುಳ್ನಕ್ಕಳು. ಅವಳ ಎದೆಬಡಿತ ನನ್ನ ಅಂಗೈಗೆ ತಾಗುತ್ತಲೇ ಇತ್ತು.