ಟಿವಿ ಬಂದ್ ಮಾಡಿದ ಅಕ್ಕೋರು

ವೇದಿಕೆಯ ಮೇಲಿರುವ ಗಣ್ಯರೇ, ಕೆಳಗೆ ಕುಳಿತ ನನ್ನಂಥ ನಗಣ್ಯರೇ! ನಿನ್ನೆ ಗೋಕಾಕದ ಗುಜರಿ ಅಂಗಡಿಯಲ್ಲಿ ಕಟ್ಟಿಗೆಯ ಬಾಗಿಲಿರುವ ಹಳೆಯ ಟಿವಿ ಕಂಡೆ. ಕೂಡಲೇ ಮೂಡಲಗಿಯ ನಮ್ಮ ಕನ್ನಡ ಸಾಲಿ, ನೆಲದ ಮೇಲೆ ಕುಳಿತ ನಮ್ಮ ಸಾಲು, ಎಲ್ಲಾ ನೆನಪಾದವು.

ಅಲ್ಲೂ ಇಂಥದ್ದೇ ಟಿವಿ ಇತ್ತು. ಅಕ್ಕೋರು, ಅಂದರೆ ನಮ್ಮ ಟೀಚರು, ಅದಕ್ಕೆ ಊದಿನಕಡ್ಡಿ ಬೆಳಗಿಯೇ ಕೀಲಿ ತೆಗೆಯುತ್ತಿದ್ದರು. ಪಾಠದ ಕಾರ್ಯಕ್ರಮದಲ್ಲಿ ಒಬ್ಬ ಹೆಣ್ಣುಮಗಳು ಪ್ರಶ್ನೆ ಕೇಳಿ, ಒಂದು ಉಸಿರು ಸುಮ್ಮನಿದ್ದು, "ಶಾಬಾಷ್ ಮಕ್ಕಳೇ" ಎನ್ನುತ್ತಿದ್ದಳು. ಆಕೆಗೆ ಕೇಳಿಸುತ್ತದೆ ಎಂದೇ ನಂಬಿದ್ದ ನಾವು ಪಾಳಿ ಹಚ್ಚಿ, ಎದ್ದುನಿಂತು, ಕೈಕಟ್ಟಿ ಉತ್ತರ ಕೊಡುತ್ತಿದ್ದೆವು.

ನಾನು ತೊದಲುತ್ತಿದ್ದೆ. ನೀರು ಕುದಿದರೆ ಏನಾಗುತ್ತದೆ ಎಂದು ಆಕೆ ಕೇಳಿದ ದಿನ ನನ್ನ ಪಾಳಿ. "ಆ... ಆ..." ಎನ್ನುವಷ್ಟರಲ್ಲಿ ಶಾಬಾಷ್ ಎಂದು ಮುಂದೆ ಹೋಗೇಬಿಟ್ಟಳು. ಹುಡುಗರು ಬಿದ್ದು ಬಿದ್ದು ನಕ್ಕರು.

ಅಕ್ಕೋರು ಎದ್ದು ಟಿವಿ ಬಂದ್ ಮಾಡಿದರು.

"ಅಕ್ಕೋರ, ಪಾಠ ಮುಗೀತೈತ್ರಿ!" ಎಂದು ಹುಡುಗರು ಗುಲ್ಲೆಬ್ಬಿಸಿದರು.

"ಮುಗೀಲಿ. ಆಕಿಗೆ ಗಡಿಬಿಡಿ ಐತಿ, ನನಗಿಲ್ಲ. ಹೇಳಪಾ ನೀ."

ಕಡೆಗೂ "ಆವಿ" ಎಂದೆ. ಮತ್ತೆ ಟಿವಿ ಹಚ್ಚಿದಾಗ ಅದರಲ್ಲಿ ದನಗಳ ರೋಗದ ಚರ್ಚೆ ನಡೆದಿತ್ತು. ಅಕ್ಕೋರು ಅದನ್ನೂ ಪೂರ್ತಿ ನೋಡಿಸಿದರು.

ನಾಳೆ ಅವರ ನಿವೃತ್ತಿ ಸಮಾರಂಭ. ಶಿಷ್ಯರ ಪರವಾಗಿ ನಾನೇ ಮಾತಾಡಬೇಕೆಂದು ಅವರೇ ಹೇಳಿಕಳಿಸಿದ್ದಾರೆ. ಇಲ್ಲಿ ಗಣ್ಯರೂ ಇಲ್ಲ, ನಗಣ್ಯರೂ ಇಲ್ಲ. ಇದು ಮನೆಯ ಕನ್ನಡಿ ಮುಂದಿನ ತಾಲೀಮು. ಖರೆ ಹೇಳ್ತೀನಿ, ನನಗ ಅಂಜಿಕಿ ಐತಿ.